ಮೊದಲು ನೀರಿನ ದಾರಿ



ಮಲೆನಾಡಿನಲ್ಲಿ ತೋಟಕ್ಕೆ ಹೋಗುವ ದಾರಿಗೆ ಒಂದಲ್ಲ ಒಂದು ಹಳ್ಳ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಪಾದ ತೋಯುವಷ್ಟೇ ನೀರು. ಆರಿದ್ರಾ ಮಳೆ ಹಿಡಿಯಿತೆಂದರೆ ಅದರ ರೂಪವೇ ಬೇರೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ.

ದಾಟುವುದು ಕಷ್ಟವಾದಾಗ ನಾವು ಏನು ಮಾಡುತ್ತೇವೆ? ಸಣ್ಣದೊಂದು ಸಿಮೆಂಟ್ ಪೈಪು ಇಟ್ಟು ಮೇಲೆ ಮಣ್ಣು ಸುರಿಯುತ್ತೇವೆ. ದೊಡ್ಡ ಮಳೆ ಬಂದಾಗ ಕಸಕಡ್ಡಿ ಸೇರಿ ಪೈಪಿನ ಬಾಯಿ ಕಟ್ಟುತ್ತದೆ. ನೀರು ಮಣ್ಣನ್ನು ಕೊಚ್ಚಿ, ದಂಡೆಯನ್ನೂ ಕೊರೆದು ಹೋಗುತ್ತದೆ.

ಅನುಭವಸ್ಥರು ಮೊದಲು ಹಳ್ಳವನ್ನು ನೋಡುತ್ತಾರೆ. ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಏರಿತ್ತು ಎಂಬ ಗುರುತು ಹುಡುಕುತ್ತಾರೆ. ಹಳ್ಳ ಅಗಲವಾಗಿ, ನೇರವಾಗಿ ಹರಿಯುವ ಜಾಗ ಆರಿಸುತ್ತಾರೆ. ದಪ್ಪ ಕಲ್ಲುಗಳನ್ನು ತಳಕ್ಕೆ ಸಮನಾಗಿ ಹುಗಿದು ಹಾಸುತ್ತಾರೆ. ನೀರು ಆ ಕಲ್ಲುಹಾಸಿನ ಮೇಲೆಯೇ ಹರಿಯುತ್ತದೆ. ನೀರು ಇಳಿದಾಗ ಗಾಡಿ ದಾಟುತ್ತದೆ. ಮಳೆಗಾಲದ ಓಡಾಟಕ್ಕೆ ಎತ್ತರದಲ್ಲೊಂದು ಗಟ್ಟಿಯಾದ ಕಾಲುಸಂಕ. ದಾರಿಯ ಇಳಿಜಾರಿನ ನೀರಿಗೆ ಪಕ್ಕದಲ್ಲಿ ಚರಂಡಿ.

ಇದರಲ್ಲಿ ದೊಡ್ಡ ವಿವೇಕವಿದೆ. ಹಳ್ಳ ನಮಗಿಂತ ಮೊದಲೇ ಅಲ್ಲಿತ್ತು. ಅದರ ಪಾಲಿನ ಜಾಗ ಬಿಟ್ಟುಕೊಟ್ಟರೆ ನಮ್ಮ ದಾರಿಯೂ ಉಳಿಯುತ್ತದೆ. ಮನೆಯೊಳಗೂ ಹೀಗೆಯೇ. ಮಕ್ಕಳ ಆಸೆ, ಹಿರಿಯರ ಬೇಸರ, ಎಲ್ಲವನ್ನೂ ನಾವಿಟ್ಟ ಸಣ್ಣ ಕಿಂಡಿಯಲ್ಲೇ ಹರಿಸಲು ಹೋದರೆ ಸಂಬಂಧದ ದಂಡೆ ಕುಸಿಯುತ್ತದೆ.

ಹಳ್ಳದ ದಾರಿ ಸರಿಪಡಿಸುವ ಯೋಚನೆ ನಿಮಗಿದ್ದರೆ, ಒಂದು ಮಳೆಗಾಲ ಅದರ ಹರಿವನ್ನು ಗಮನಿಸಿ. ನೆರೆ ಇದ್ದಾಗ ದಾಟುವ ಸಾಹಸ ಬೇಡ. ಮೊದಲು ನೀರಿಗೆ ದಾರಿ ಬಿಡಿ, ಆಮೇಲೆ ನಿಮ್ಮ ದಾರಿ ಕಟ್ಟಿ.