ರೋಹಿಣಿ ಮಳೆ ಯಾರು ಸುರಿಸುತ್ತಾರೆ?

(ಅನಮೋಡ: ಜುಮಾ ಪ್ರವಚನದ ಸಾರಾಂಶ)

 

ಇದು ರೋಹಿಣಿ ಮಳೆಯ ಕಾಲ. ಮೇ 25ರ ಸುಮಾರಿಗೆ ಆರಂಭವಾಗಿ ಎರಡು ವಾರ ಇರುತ್ತದೆ. ಬಿತ್ತನೆಯ ಮಾತು ಬಂದಾಗ ನಾವೂ ಈ ಹೆಸರನ್ನೇ ಹೇಳುತ್ತೇವೆ. ಆದರೆ ಆ ರೋಹಿಣಿ ಯಾವುದು ಎಂದು ಎಷ್ಟು ಜನ ನೋಡಿದ್ದೇವೆ?

ಅದೊಂದು ಕಿತ್ತಳೆ ಬಣ್ಣದ ನಕ್ಷತ್ರ. ಅರಬರು ಅದನ್ನು ‘ಅದ್ದಬರಾನ್’ ಎಂದರು, ಹಿಂಬಾಲಿಸುವವನು ಎಂದರ್ಥ. ಸುರಯ್ಯಾ ಎಂಬ ನಕ್ಷತ್ರಗುಚ್ಛದ ಬೆನ್ನಿಗೇ ಅದು ಉದಯಿಸುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಇಡುವ ಸುರಯ್ಯಾ ಎಂಬ ಹೆಸರು ಈ ಗುಚ್ಛದ್ದೇ. ಕನ್ನಡದಲ್ಲಿ ಅದು ಕೃತ್ತಿಕೆ. ಕ್ರಿ.ಶ. 964ರ ಹೊತ್ತಿಗೆ ಅಬ್ದುರ್ರಹ್ಮಾನ್ ಅಸ್ಸೂಫಿ ನಕ್ಷತ್ರಗಳ ಸ್ಥಾನ, ಬಣ್ಣ, ಪ್ರಕಾಶಗಳನ್ನು ಗ್ರಂಥದಲ್ಲಿ ದಾಖಲಿಸಿದರು. ಇಂದು ಜಗತ್ತೆಲ್ಲ ಹೇಳುವ ‘ಅಲ್ಡೆಬರಾನ್’ ಅದೇ ಅರಬಿ ಹೆಸರು.

ರೋಹಿಣಿ ನಮ್ಮ ಸೂರ್ಯನಿಗಿಂತ ಸುಮಾರು 44 ಪಟ್ಟು ಅಗಲ. ಆದರೆ ಅದರ ಮೇಲ್ಮೈ ಸೂರ್ಯನಷ್ಟು ಬಿಸಿಯಿಲ್ಲ: ಸೂರ್ಯನದು ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಇದರದು ಸುಮಾರು 3,600. ಕಿತ್ತಳೆ ಬಣ್ಣಕ್ಕೆ ಇದೇ ಕಾರಣ. ದೂರ ಸುಮಾರು 65 ಜ್ಯೋತಿರ್ವರ್ಷ. ಅಂದರೆ ನಮ್ಮ ಕಣ್ಣಿಗೆ ತಲುಪುವ ಅದರ ಬೆಳಕು ನಮ್ಮಲ್ಲಿ ಅನೇಕರು ಹುಟ್ಟುವ ಮೊದಲೇ ಹೊರಟದ್ದು.

ಈಗ ಯೋಚಿಸಿ. ರೋಹಿಣಿ ಮಳೆ ಎನ್ನುವ ಈ ದಿನಗಳಲ್ಲಿ ಆ ನಕ್ಷತ್ರ ಕಾಣಿಸುವುದೇ ಇಲ್ಲ. ಸೂರ್ಯ ಅದರ ದಿಕ್ಕಿನಲ್ಲೇ ಇರುವುದರಿಂದ ಹಗಲ ಬೆಳಕಿನಲ್ಲಿ ಅದು ಮುಳುಗಿಹೋಗಿರುತ್ತದೆ. ಹೆಸರು ಕಾಲವನ್ನು ಗುರುತಿಸುತ್ತದೆ, ಅಷ್ಟೆ. ಮಳೆ ತರುವುದು ಅರಬ್ಬಿ ಸಮುದ್ರದಿಂದ ಬಂದು ಈ ಘಟ್ಟಕ್ಕೆ ತಾಗುವ ಮೋಡ. ಮೋಡವನ್ನು ನಡೆಸುವವನು ಅಲ್ಲಾಹ್.

ಹುದೈಬಿಯಾದಲ್ಲಿ ರಾತ್ರಿ ಮಳೆ ಸುರಿದ ಮುಂಜಾನೆ ಪ್ರವಾದಿ(ಸ)ರು ಇದನ್ನೇ ಕಲಿಸಿದರು: ಮಳೆ ಅಲ್ಲಾಹನ ಅನುಗ್ರಹದಿಂದ ಬಂತು ಎಂದವನು ಅವನಲ್ಲಿ ವಿಶ್ವಾಸವಿಟ್ಟವನು, ಇಂಥ ನಕ್ಷತ್ರದಿಂದ ಬಂತು ಎಂದವನು ನಕ್ಷತ್ರವನ್ನು ನಂಬಿದವನು. ಬುಖಾರಿ ಮತ್ತು ಮುಸ್ಲಿಮ್ ಇದನ್ನು ವರದಿ ಮಾಡಿದ್ದಾರೆ.

ರೈತನ ಲೆಕ್ಕ ತಪ್ಪಲ್ಲ, ಅದು ಅನುಭವದ ಪಂಚಾಂಗ. ತಪ್ಪಿರುವುದು ಮಗಳ ನಿಕಾಹ್‌ಗೆ, ಅಂಗಡಿ ತೆರೆಯಲು, ರೋಗಕ್ಕೆ ಕಾರಣ ಹುಡುಕಲು ನಕ್ಷತ್ರ ಕೇಳುವುದರಲ್ಲಿ. ನಮ್ಮ ನಡುವೆಯೂ ಗುಟ್ಟಾಗಿ ಕೇಳುವವರಿದ್ದಾರೆ. ದಾರಿ ತೋರುವ ದೀಪವನ್ನು ಒಡೆಯನೆಂದು ತಿಳಿಯಬೇಡಿ.

ಜನವರಿ ನಡುವೆ, ಇಶಾ ನಮಾಝಿನ ಬಳಿಕ ರಾತ್ರಿ ಒಂಬತ್ತೂವರೆಗೆ ಮಕ್ಕಳನ್ನು ಅಂಗಳಕ್ಕೆ ಕರೆತನ್ನಿ. ದೀಪ ಆರಿಸಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ ನೋಡಿ. ಸಾಲಾಗಿರುವ ಮೂರು ನಕ್ಷತ್ರಗಳಿಂದ ವಾಯವ್ಯಕ್ಕೆ ಗೆರೆ ಎಳೆದರೆ ರೋಹಿಣಿ, ಇನ್ನೂ ಮುಂದೆ ಸುರಯ್ಯಾ. ಅದರ ಹೆಸರು, ಬಣ್ಣ, ದೂರ ಹೇಳಿಕೊಡಿ. ನಂತರ ಅದನ್ನು ಸೃಷ್ಟಿಸಿದವನ ಬಗ್ಗೆ ಹೇಳಿ.

ಅಲ್ಲಾಹನು ನಮಗೆ ಹಿತಕರ ಮಳೆಯನ್ನೂ ಉಪಯುಕ್ತ ಜ್ಞಾನವನ್ನೂ ಕರುಣಿಸಲಿ. ಆಮೀನ್.