ತಿರುಗುವ ಬೆಳಕು, ಹರಿಯುವ ವಿದ್ಯುತ್ತು



ಕೊಡ್ಲಿಯ ಸಂಘದವರು ಈ ಮಾತಿಗೆ ಕೊಟ್ಟ ವಿಷಯ ಟೋಪಾಲಜಿಕಲ್ ಇನ್ಸುಲೇಟರ್. ಬಿಸ್ಮತ್ ಸೆಲೆನೈಡ್ ಅಂಥದೊಂದು ಹರಳು. ಒಡಲೊಳಗೆ ವಿದ್ಯುತ್ತನ್ನು ಬಿಟ್ಟುಕೊಳ್ಳದು, ಮೈಮೇಲೆ ಸರಾಗ ಹರಿಯಗೊಡುತ್ತದೆ. ಮಳೆಯಲ್ಲಿ ನೆಂದ ಶಹಾಬಾದ್ ಫರಸಿ ಎನ್ನಿ. ಆದರೆ ಇದನ್ನು ಸೀಳಿದರೆ ಹೊಸ ಮೈಯೂ ನೆಂದೇ ಇರುತ್ತದೆ. ಆ ಮೈಮೇಲಿನ ಎಲೆಕ್ಟ್ರಾನಿಗೊಂದು ಕಟ್ಟಳೆ: ಓಡುವ ದಿಕ್ಕಿಗೆ ಅದರ ಸ್ಪಿನ್, ಎಂದರೆ ಅದರ ಪುಟ್ಟ ಅಯಸ್ಕಾಂತದ ದಿಕ್ಕು, ಅಡ್ಡವಾಗಿಯೇ ನಿಲ್ಲಬೇಕು. ಎಡಕ್ಕೆ ಸುತ್ತುವಂತೆ ಧ್ರುವೀಕರಿಸಿದ ಬೆಳಕನ್ನು ಓರೆಯಾಗಿ ಬಿಟ್ಟರೆ ಒಂದು ಬಗೆಯ ಸ್ಪಿನ್ನಿನವೇ ಹೆಚ್ಚು ಕೆರಳುತ್ತವೆ. ಹಾಗಾಗಿ ಬ್ಯಾಟರಿ ಇಲ್ಲದೆಯೂ ವಿದ್ಯುತ್ತು ಒಂದು ಕಡೆಗೆ ಹರಿಯುತ್ತದೆ. ಬೆಳಕಿನ ಸುತ್ತು ಬದಲಿಸಿದರೆ ಹರಿವೂ ತಿರುಗುತ್ತದೆ. ಅಮೆರಿಕದ ಎಂಐಟಿಯವರ ಈ ಪ್ರಯೋಗ 2012ರಲ್ಲಿ ಪ್ರಕಟವಾಯಿತು.

ನನ್ನ ತಕರಾರು ಬೇರೆ, ಹೆಸರಿನದು. ಇಂಥ ಹರಿವು ಬೆರ್ರಿ ವಕ್ರತೆಯನ್ನು, ಎಂದರೆ ಎಲೆಕ್ಟ್ರಾನಿನ ಸ್ಥಿತಿ ಸುತ್ತಿ ಬಂದಾಗ ಅದರ ಅಲೆ ಎಷ್ಟು ಸರಿಯುತ್ತದೆಂಬ ಅಳತೆಯನ್ನು, ಅವಲಂಬಿಸಬಲ್ಲದೆಂದು ಭೌತವಿಜ್ಞಾನಿ ಪವನ್ ಹೊಸೂರ್ 2011ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಂಥ ಸರಿಯುವಿಕೆಯ ಬಗ್ಗೆ ಮೈಕೆಲ್ ಬೆರ್ರಿ ಬರೆದದ್ದು 1984ರಲ್ಲಿ. ಅದಕ್ಕೂ ಮುಂಚೆ, 1956ರಲ್ಲೇ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ಇಪ್ಪತ್ತೆರಡರ ಹುಡುಗ ಒಂದು ಮಾತು ಹೇಳಿದ್ದ: ಧ್ರುವೀಕೃತ ಬೆಳಕು ಹಲವು ಸ್ಥಿತಿಗಳನ್ನು ಹಾದು ಮೊದಲಿನ ಸ್ಥಿತಿಗೇ ಮರಳಿದರೂ ಸುಮ್ಮನೆ ಮರಳುವುದಿಲ್ಲ, ಅದರ ಅಲೆ ಒಂದಿಷ್ಟು ಸರಿದಿರುತ್ತದೆ. ಎಷ್ಟು ಸರಿದಿದೆ ಎನ್ನುವುದನ್ನು ಸುತ್ತಿದ ಹಾದಿಯ ಆಕಾರವೇ ಹೇಳುತ್ತದೆ.

ನಮ್ಮ ಶಾಲೆಯ ಮಾಸ್ತರರು ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಅಭ್ರಕದ ಚೂರು ಹಿಡಿದು ಬಣ್ಣ ತೋರಿಸುತ್ತ ಸರ್ ಸಿ.ವಿ. ರಾಮನ್ನರನ್ನು ಮನಸಾರೆ ನೆನೆಯುತ್ತಿದ್ದರು. ರಾಮನ್ನರ ಸೋದರಳಿಯನಾದ ಈ ಪಂಚರತ್ನಂ ಹೆಸರು ಮಾಸ್ತರರ ಪುಸ್ತಕದಲ್ಲೂ ಇರಲಿಲ್ಲ. ಆತ 1969ರಲ್ಲಿ, ಮೂವತ್ತೈದಕ್ಕೇ ತೀರಿಕೊಂಡ. ಆ ಕೆಲಸವನ್ನು ಬೆಳಕಿಗೆ ತಂದವರು ವಿಜ್ಞಾನಿಗಳಾದ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ, 1986ರ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಮರುವರ್ಷ ಬೆರ್ರಿಯವರೇ ಒಪ್ಪಿ ಬರೆದರು.

ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂದು ಇಂದಿಗೂ ವಾದಿಸುವವರು ನಾವು. ನೃಪತುಂಗನ ಮಳಖೇಡವೂ ನಮ್ಮ ಸೇಡಂ ಸೀಮೆಯದೇ. ಹಾಗಾಗಿ ನನ್ನೊಳಗಿನ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ಪಂಚರತ್ನಂ ಕಂಡದ್ದು ಬೆಳಕಿನ ಸ್ಥಿತಿಗಳ ಸುತ್ತು, ಹರಳಿನಲ್ಲಿರುವುದು ಎಲೆಕ್ಟ್ರಾನಿನ ಸ್ಥಿತಿಗಳ ಸುತ್ತು. ಗಣಿತ ಒಂದೇ ಕುಲದ್ದೆಂದು ಪಂಚರತ್ನಂ ಪರವಾಗಿ ಹಕ್ಕು ಕೇಳಬಹುದೆ? ಇನ್ನೊಂದು ಎಂಐಟಿ ಪ್ರಯೋಗದ್ದು: ಅದರ ಬೆಳಕಿನ ಕಣಕ್ಕಿದ್ದ ಶಕ್ತಿ, ಹರಳಿನ ಒಡಲೊಳಗೆ ಎಲೆಕ್ಟ್ರಾನು ಎದ್ದು ಓಡಲು ದಾಟಬೇಕಾದ ಶಕ್ತಿ ಅಂತರದ ಸುಮಾರು ಐದು ಪಟ್ಟು. ಅಷ್ಟಕ್ಕೆ ಒಡಲಿನ ಎಲೆಕ್ಟ್ರಾನುಗಳೂ ಏಳುತ್ತವೆ. ಹಾಗಾದರೆ ಅಳೆದ ವಿದ್ಯುತ್ತಿನಲ್ಲಿ ಮೈಯ ಪಾಲೆಷ್ಟು? ಮೈಯದೇ ಹೆಚ್ಚು ಎನ್ನುವ ಕಡೆ ನಾನು ವಾಲುತ್ತೇನೆ, ಆದರೆ ಆಣೆ ಮಾಡಲಾರೆ.

ಎರಡನೆಯದಕ್ಕೆ ಪ್ರಯೋಗಾಲಯವೇ ಉತ್ತರಿಸಲಿ. ಮೊದಲನೆಯದಕ್ಕೆ 1956ರ ಲೇಖನ ಓದಬೇಕು. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಹಳೆಯ ಸಂಚಿಕೆಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ವಿದ್ಯಾರ್ಥಿಗಳೆ, ಓದಿ ಬಂದು ನನ್ನ ಜೊತೆ ವಾದ ಮಾಡಿ.