ಮುಚ್ಚಿಟ್ಟರೆ ವಾಸಿಯಾಗದ ಹುಣ್ಣು
(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ಮಾಡಿದ ಭಾಷಣ)

 

ಪ್ರತಿವರ್ಷ ಇಲ್ಲಿ ನಾವು ಮಕ್ಕಳ ಓದಿನ ಬಗ್ಗೆ ಮಾತನಾಡುತ್ತಿದ್ದೆವು. ಈ ಸಲ ತಂದೆಯರ ಆರೋಗ್ಯದ ಬಗ್ಗೆ ಮಾತನಾಡುತ್ತೇವೆ. ಅದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಅರ್ಜಿಗಳನ್ನು ಪರಿಶೀಲಿಸುವಾಗ, ಒಂದರಲ್ಲಿ ತಂದೆಯ ಹೆಸರಿನ ಮುಂದೆ ‘ದಿವಂಗತ’ ಎಂದು ಬರೆದಿತ್ತು. ಅವರು ನಮ್ಮ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಪಾಠ ಮಾಡಿದ ಮೇಷ್ಟ್ರು. ಅವರಿಗೆ ಬಂದದ್ದು ಶಿಶ್ನದ ಕ್ಯಾನ್ಸರ್. ಮುಂದೊಗಲಿನ ಒಳಗೆ ಸಣ್ಣ ಹುಣ್ಣಾಗಿತ್ತು, ನೋವಿರಲಿಲ್ಲ. ಮೆಡಿಕಲ್ ಶಾಪಿನಿಂದ ಮುಲಾಮು ತಂದು ಒಂದೂವರೆ ವರ್ಷ ಹಚ್ಚಿದರು. ಹೆಂಡತಿಗೂ ಹೇಳಲಿಲ್ಲ. ತೊಡೆಸಂದಿಯಲ್ಲಿ ಗಂಟು ಎದ್ದು ನಡೆಯುವುದೇ ಕಷ್ಟವಾದ ಮೇಲೆ ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ತಡವಾಗಿತ್ತು. ಅವರು ಕುಂಟುವುದನ್ನು ನಾವೆಲ್ಲ ನೋಡಿದ್ದೆವು. “ಮಂಡಿನೋವೇ ಮೇಷ್ಟ್ರೇ?” ಎಂದು ಕೇಳಿದಾಗ “ಹೂಂ” ಎಂದರು, ನಾವೂ ಸುಮ್ಮನಾದೆವು. “ಸಭೆಯಲ್ಲಿ ಹೇಳಿ ಸರ್, ಇನ್ನೊಂದು ಮನೆಯಲ್ಲಿ ಹೀಗಾಗಬಾರದು” ಎಂದವರು ಅವರ ಪತ್ನಿಯೇ.

ಹೆಣ್ಣುಮಕ್ಕಳಿರುವ ಸಭೆಯಲ್ಲಿ ಈ ಮಾತು ಬೇಕೇ ಎಂದು ಕೆಲವರಿಗೆ ಅನಿಸಬಹುದು. ಬೇಕು. ಗಂಡ ಹೇಳಲು ಹಿಂಜರಿದಾಗ ಆಸ್ಪತ್ರೆಗೆ ಹೊರಡಿಸುವವರು ನೀವೇ.

ಈ ರೋಗ ಅಪರೂಪದ್ದು. ಆದರೆ ಶ್ರೀಮಂತ ದೇಶಗಳಿಗಿಂತ ಭಾರತದಲ್ಲಿ ಹೆಚ್ಚು. ಹೆಚ್ಚಿನಂಶ ಚರ್ಮದ ಮೇಲ್ಪದರದ ಜೀವಕೋಶಗಳಲ್ಲಿ ಶುರುವಾಗುತ್ತದೆ. ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದಿರುವುದು, ಒಳಗೆ ಕೊಳೆ ನಿಂತು ಪದೇ ಪದೇ ಉರಿಯೂತವಾಗುವುದು, ಬೀಡಿ-ಸಿಗರೇಟು, ಮತ್ತು ಎಚ್‌ಪಿವಿ ಎಂಬ ವೈರಸ್ ಇದರ ಅಪಾಯವನ್ನು ಹೆಚ್ಚಿಸುತ್ತವೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಈ ವೈರಸ್ ಕಾಣಿಸುತ್ತದೆ. ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿಗೂ ಇದೇ ಕಾರಣ. ಇದಕ್ಕೆ ಲಸಿಕೆ ಇದೆ. 9ನೇ ವಯಸ್ಸಿನಿಂದ ಹುಡುಗಿಯರಿಗೂ ಹುಡುಗರಿಗೂ ಕೊಡಬಹುದು. ಮಕ್ಕಳ ಡಾಕ್ಟರನ್ನು ಕೇಳಿ.

“ನಮ್ಮಲ್ಲಿ ಸುನ್ನತಿ ಆಗಿರುತ್ತದೆ, ನಮಗೆ ಬರುವುದಿಲ್ಲ” ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇವೆ. ಇದರಲ್ಲಿ ಅರ್ಧ ನಿಜವಿದೆ. ಚಿಕ್ಕಂದಿನಲ್ಲೇ ಸುನ್ನತಿಯಾದವರಲ್ಲಿ ಈ ಕ್ಯಾನ್ಸರ್ ಬಹಳ ಕಡಿಮೆ. ಆದರೆ ಬರುವುದೇ ಇಲ್ಲ ಎಂದಲ್ಲ. ದೊಡ್ಡವರಾದ ಮೇಲೆ ಮಾಡಿಸಿಕೊಂಡರೆ ಅಷ್ಟು ರಕ್ಷಣೆ ಸಿಗುವುದಿಲ್ಲ. ಬೀಡಿಯ ಅಪಾಯವಂತೂ ಎಲ್ಲರಿಗೂ ಇದೆ. ಅಲ್ಲದೆ ನಮ್ಮ ಅಕ್ಕಪಕ್ಕದವರು, ಜೊತೆಗೆ ದುಡಿಯುವವರು ಎಲ್ಲರೂ ನಮ್ಮವರೇ ಅಲ್ಲವೇ?

ನೆನಪಿಡಬೇಕಾದ ಲಕ್ಷಣಗಳು ಇವು: ವಾಸಿಯಾಗದ ಹುಣ್ಣು, ಗಂಟು ಅಥವಾ ನರುಳ್ಳೆಯಂಥ ಬೆಳವಣಿಗೆ, ಚರ್ಮ ದಪ್ಪವಾಗುವುದು ಅಥವಾ ಬಣ್ಣ ಬದಲಾಗುವುದು, ರಕ್ತ, ಕೆಟ್ಟ ವಾಸನೆಯ ಸ್ರಾವ, ತೊಡೆಸಂದಿಯಲ್ಲಿ ಗಂಟು. ಇವೆಲ್ಲ ಕ್ಯಾನ್ಸರೇ ಆಗಬೇಕೆಂದಿಲ್ಲ. ಹೆಚ್ಚಿನವು ಸಾಮಾನ್ಯ ಸೋಂಕುಗಳೇ. ಆದರೆ ಮೂರು-ನಾಲ್ಕು ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅವರು ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಚಾಕು ತಾಗಿದರೆ ರೋಗ ಹರಡುತ್ತದೆ ಎಂಬ ಮಾತು ನಂಬಬೇಡಿ.

ಬೇಗ ಬಂದರೆ ಮುಲಾಮು, ಲೇಸರ್ ಅಥವಾ ಚಿಕ್ಕ ಶಸ್ತ್ರಚಿಕಿತ್ಸೆಯಲ್ಲೇ ಅಂಗವನ್ನು ಉಳಿಸಿಕೊಂಡು ಗುಣವಾಗಬಹುದು. ತಡವಾದರೆ ಅಂಗದ ಭಾಗವನ್ನೋ ಪೂರ್ತಿಯನ್ನೋ ತೆಗೆಯಬೇಕಾಗುತ್ತದೆ. ತೊಡೆಸಂದಿಯ ಗ್ರಂಥಿಗಳಿಗೆ ಹರಡಿದರೆ ಚಿಕಿತ್ಸೆ ಇನ್ನೂ ಕಠಿಣ. ಅಂಗ ಹೋಗುತ್ತದೆಂಬ ಭಯದಿಂದಲೇ ಗಂಡಸರು ಮುಚ್ಚಿಡುತ್ತಾರೆ. ಮುಚ್ಚಿಡುವುದರಿಂದಲೇ ಅಂಗ ಹೋಗುತ್ತದೆ.

ಖರ್ಚಿಗೆ ಹೆದರಬೇಡಿ. ಬೆಂಗಳೂರಿನಲ್ಲಿ ಸರಕಾರದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಇಟ್ಟುಕೊಂಡು ಹೋಗಿ.

ಲಜ್ಜೆ ನಮ್ಮ ದೀನಿನಲ್ಲಿ ದೊಡ್ಡ ಗುಣ. ಆದರೆ ಡಾಕ್ಟರಿಗೆ ತೋರಿಸುವುದರಿಂದ ಲಜ್ಜೆ ಕೆಡುವುದಿಲ್ಲ. ದೇಹ ಅಲ್ಲಾಹನು ಕೊಟ್ಟ ಅಮಾನತ್ತು; ಅದನ್ನು ಕಾಪಾಡುವುದೂ ನಮ್ಮ ಹೊಣೆ. ಯಾರಿಗಾದರೂ ಒಬ್ಬರೇ ಹೋಗಲು ಸಂಕೋಚವಿದ್ದರೆ ಸಭೆ ಮುಗಿದ ಮೇಲೆ ನಮ್ಮ ಬಳಿ ಬನ್ನಿ. ಜೊತೆಗೆ ಬರುತ್ತೇವೆ, ಮಾತು ಹೊರಗೆ ಹೋಗುವುದಿಲ್ಲ.

ದಾನಿಗಳ ಔದಾರ್ಯದಿಂದ ಮೇಷ್ಟ್ರ ಮಗಳ ಫೀಸು ಕಟ್ಟಿದೆವು, ಅವಳು ಓದುತ್ತಿದ್ದಾಳೆ. ತಂದೆಯ ಜಾಗ ತುಂಬುವುದು ನಮ್ಮ ಕೈಯಲ್ಲಿಲ್ಲ. ಇಲ್ಲಿರುವ ಪ್ರತಿ ಮಗುವಿನ ತಂದೆಯೂ ಆರೋಗ್ಯವಾಗಿರಲಿ ಎಂದು ದುಆ ಮಾಡುತ್ತೇವೆ.